ಫ್ಲೈವೀಲ್ ಬದಲಿಸುವ ಮುನ್ನ

ಕಳೆದ ಸೆಮಿಸ್ಟರ್‌ನ ಇಂಟರ್ನಲ್ಸ್ ಮುಗಿದ ದಿನ ಸಂಜೆ ಮಾವನ ಫೋನ್ ಬಂತು. ಮಾವ ಅಂದ್ರೆ ಅಮ್ಮನ ತಮ್ಮ. ತೀರ್ಥಹಳ್ಳಿಯಲ್ಲಿ ಒಂದು ಡೀಸೆಲ್ ಕಾರು ಇಟ್ಟುಕೊಂಡು ಬಾಡಿಗೆ ಓಡಿಸುತ್ತಾರೆ. ವಾರಕ್ಕೆ ಮೂರು ನಾಲ್ಕು ಸಲ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಉಡುಪಿ, ಮಣಿಪಾಲ ಅಂತ ಹೋಗಿ ಬರೋದು ಅವರ ದುಡಿಮೆ.

"ಅಳಿಯಾ, ಗಾಡಿ ಕ್ಲಚ್ ಹೋಗಿದೆ ಕಣೋ. ಗೇರ್‌ಬಾಕ್ಸ್ ಇಳಿಸಿ ನೋಡಿದ್ರೆ ಫ್ಲೈವೀಲೂ ಹೋಗಿದೆ ಅಂತಾರೆ. ಅದೇನೋ ಡ್ಯುಯಲ್ ಮಾಸ್ ಅಂತೆ. ಹೊಸದು ಹಾಕ್ಸಿದ್ರೆ ಎರಡು ತಿಂಗಳ ಇಎಂಐ ದುಡ್ಡು ಅಲ್ಲಿಗೇ ಹೋಗುತ್ತೆ. ಇಲ್ಲಾಂದ್ರೆ ಇರೋದನ್ನೇ ವೆಲ್ಡಿಂಗ್ ಮಾಡಿ ಗಟ್ಟಿ ಮಾಡಿಕೊಡ್ತೀವಿ ಅಂತಾರೆ. ನೀನು ಅದನ್ನೇ ಓದ್ತಿರೋದಲ್ವಾ, ಏನು ಮಾಡ್ಲಿ ಹೇಳು."

ಆವತ್ತು ಬೆಳಿಗ್ಗೆ ತಾನೇ ನಾನು ಫ್ಲೈವೀಲ್ ಬಗ್ಗೆ ಹತ್ತು ಅಂಕದ ಉತ್ತರ ಬರೆದು ಬಂದಿದ್ದೆ. ವ್ಯಾಖ್ಯಾನ, ಚಿತ್ರ, ಶಕ್ತಿಯ ಏರಿಳಿತದ ಸೂತ್ರ ಎಲ್ಲಾ ಬರೆದಿದ್ದೆ. ಆದರೆ ಮಾವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳೋಕೂ ನಾಚಿಕೆ ಆಯ್ತು. "ಅವರು ಹೇಳಿದ ಹಾಗೇ ಮಾಡಿಸಿ ಮಾವ, ಅವರಿಗೆ ಅನುಭವ ಇರುತ್ತೆ" ಅಂದುಬಿಟ್ಟೆ.

ನಾಲ್ಕು ತಿಂಗಳಿಗೆ ಆ ಗಾಡಿಯ ಗೇರ್‌ಬಾಕ್ಸ್ ಬಿಚ್ಚಬೇಕಾಯ್ತು. ಈ ಲೇಖನ ಆ ಒಂದು ವಾಕ್ಯಕ್ಕೆ ನಾನು ಕಟ್ಟುತ್ತಿರುವ ದಂಡ ಅಂದುಕೊಳ್ಳಿ. ನನ್ನ ವಾದ ಚಿಕ್ಕದು. ಡ್ಯುಯಲ್ ಮಾಸ್ ಫ್ಲೈವೀಲ್ ತೆಗೆದು ಸಾದಾ ಫ್ಲೈವೀಲ್ ಹಾಕಿಸೋದು ತಪ್ಪಲ್ಲ. ಏನನ್ನ ತೆಗೆದೆವು, ಅದು ಮಾಡ್ತಿದ್ದ ಕೆಲಸವನ್ನ ಇನ್ನು ಯಾರು ಮಾಡ್ತಾರೆ ಅಂತ ಕೇಳದೆ ಹಾಕಿಸೋದು ತಪ್ಪು. ಆ ಪ್ರಶ್ನೆ ಕೇಳೋಕೆ ನಾಲ್ಕು ವರ್ಷ ಮೆಕ್ಯಾನಿಕಲ್ ಓದೋ ನಮಗೇ ಬರದಿದ್ದರೆ, ಗಾಡಿಯನ್ನೇ ನಂಬಿಕೊಂಡ ಮನುಷ್ಯ ಎಲ್ಲಿಗೆ ಹೋಗಬೇಕು?

ಮೊದಲು ಕ್ಲಚ್

ಬೇರೆ ಬ್ರ್ಯಾಂಚಿನ ಗೆಳೆಯರಿಗಾಗಿ ಸ್ವಲ್ಪ ಬುಡದಿಂದ ಹೇಳ್ತೀನಿ. ಎಂಜಿನ್ ಸದಾ ತಿರುಗ್ತಾ ಇರಬೇಕು, ನಿಂತರೆ ಆಫ್ ಆಗುತ್ತೆ. ಚಕ್ರ ಮಾತ್ರ ಸಿಗ್ನಲ್ಲಿನಲ್ಲಿ ನಿಲ್ಲಬೇಕು. ತಿರುಗ್ತಿರೋದನ್ನೂ ನಿಂತಿರೋದನ್ನೂ ಜಗಳ ಇಲ್ಲದೆ ಸೇರಿಸೋದು ಕ್ಲಚ್ಚಿನ ಕೆಲಸ. ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತುದಿಗೆ ಬೋಲ್ಟ್ ಆಗಿರೋದು ಫ್ಲೈವೀಲ್. ಫ್ಲೈವೀಲಿಗೆ ಬೋಲ್ಟ್ ಆಗಿರೋದು ಪ್ರೆಶರ್ ಪ್ಲೇಟಿನ ಕವರ್. ಇವೆರಡರ ನಡುವೆ ಸ್ಯಾಂಡ್‌ವಿಚ್ ತರಹ ಸಿಕ್ಕಿಕೊಂಡಿರೋದು ಕ್ಲಚ್ ಪ್ಲೇಟ್. ಅದರ ನಡುವಿನ ಹಲ್ಲುಗಳು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಮೇಲೆ ಕೂತಿರುತ್ತವೆ. ಕವರ್ ಒಳಗಿನ ಡಯಾಫ್ರಮ್ ಸ್ಪ್ರಿಂಗ್, ಅಂದ್ರೆ ತಟ್ಟೆ ಆಕಾರದ, ಒಳಗಡೆ ಬೆರಳು ಬೆರಳಾಗಿ ಸೀಳಿರೋ ಉಕ್ಕಿನ ಸ್ಪ್ರಿಂಗು, ಪ್ಲೇಟನ್ನ ಒತ್ತಿ ಹಿಡಿದಿರುತ್ತೆ. ನೀವು ಪೆಡಲ್ ಒತ್ತಿದಾಗ ರಿಲೀಸ್ ಬೇರಿಂಗ್ ಹೋಗಿ ಆ ಬೆರಳುಗಳನ್ನ ಒತ್ತುತ್ತೆ, ಹಿಡಿತ ಸಡಿಲವಾಗುತ್ತೆ.

ಅಂದ್ರೆ ಕ್ಲಚ್ ತುಳಿಯೋದು ಅಂದ್ರೆ ಹಿಡಿಯೋದಲ್ಲ, ಬಿಡಿಸೋದು. ಕಾಲು ತೆಗೆದಾಗಲೇ ಅದು ಗಟ್ಟಿ ಹಿಡಿಯೋದು. ಇದನ್ನ ವೈವಾದಲ್ಲಿ ತಿರುಗಿಸಿ ಕೇಳಿದ್ರೆ ನಮ್ಮಲ್ಲಿ ಅರ್ಧ ಜನ ತಡವರಿಸ್ತಾರೆ. ನಾನೂ ತಡವರಿಸಿದವನೇ.

ಈಗ ಲೆಕ್ಕ. ಸಣ್ಣ ಪೆಟ್ರೋಲ್ ಕಾರಿನ ಕ್ಲಚ್ ಪ್ಲೇಟ್ ಅಂದುಕೊಳ್ಳಿ: ಹೊರ ವ್ಯಾಸ 200 ಮಿ.ಮೀ., ಒಳ ವ್ಯಾಸ 140 ಮಿ.ಮೀ. ಒತ್ತೋ ಬಲ 3500 ನ್ಯೂಟನ್, ಘರ್ಷಣೆಯ ಗುಣಾಂಕ 0.3. ಪ್ಲೇಟಿಗೆ ಎರಡು ಮುಖ. ಸರಾಸರಿ ತ್ರಿಜ್ಯ 85 ಮಿ.ಮೀ. ಎಲ್ಲಾ ಗುಣಿಸಿದ್ರೆ ಸುಮಾರು 178 ನ್ಯೂಟನ್ ಮೀಟರ್. ಎಂಜಿನ್ನಿನ ಗರಿಷ್ಠ ಟಾರ್ಕ್ 113 ಇದ್ದರೆ, ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಹಿಡಿತ ಕೈಯಲ್ಲಿದೆ. ಪ್ಲೇಟ್ ಸವೆದ ಮೇಲೂ, ಬಿಸಿಯಾದಾಗಲೂ ಜಾರಬಾರದು ಅಂತ ಇಟ್ಟುಕೊಂಡ ಉಳಿತಾಯ ಅದು.

ಇದೇ ಲೆಕ್ಕವನ್ನ ನಾವು ಪರೀಕ್ಷೆಯಲ್ಲಿ 'ಯೂನಿಫಾರ್ಮ್ ಪ್ರೆಶರ್' ಮತ್ತು 'ಯೂನಿಫಾರ್ಮ್ ವೇರ್' ಅಂತ ಎರಡು ಥಿಯರಿ ಇಟ್ಟುಕೊಂಡು ನಾಲ್ಕು ಪುಟ ಬರೀತೀವಿ. ಮೇಲಿನ ಪ್ಲೇಟಿಗೆ ಎರಡನ್ನೂ ಹಾಕಿ ನೋಡಿ. ಒಂದರಲ್ಲಿ ತ್ರಿಜ್ಯ 85.9 ಮಿ.ಮೀ. ಬರುತ್ತೆ, ಇನ್ನೊಂದರಲ್ಲಿ 85. ವ್ಯತ್ಯಾಸ ಶೇಕಡ ಒಂದು. ಎಣ್ಣೆ ಸೋರಿ ಪ್ಲೇಟಿನ ಮೇಲೆ ಎರಡು ಹನಿ ಬಿದ್ದರೆ ಘರ್ಷಣೆ ಅದರ ಎಷ್ಟೋ ಪಟ್ಟು ಇಳಿಯುತ್ತೆ! ಥಿಯರಿ ಬೇಡ ಅಂತ ನಾನು ಹೇಳ್ತಿಲ್ಲ. ಸವೆದು ಕೂತ ಪ್ಲೇಟಿಗೆ ಯಾವ ಸೂತ್ರ, ಡಿಸೈನ್ ಮಾಡುವಾಗ ಯಾಕೆ ಕಡಿಮೆ ಉತ್ತರ ಕೊಡೋದನ್ನೇ ತಗೋಬೇಕು ಅಂತ ತಿಳಿಯೋದು ಒಳ್ಳೇದೇ. ಆದರೆ ಆ ಶೇಕಡ ಒಂದಕ್ಕೆ ನಾಲ್ಕು ಪುಟ ಕೊಟ್ಟು, ಕ್ಲಚ್ ಪ್ಲೇಟಿನ ನಡುವೆ ಕಾಣೋ ಆ ನಾಲ್ಕೈದು ಸ್ಪ್ರಿಂಗ್ ಯಾಕಿವೆ ಅನ್ನೋದಕ್ಕೆ ಅರ್ಧ ಸಾಲು ಕೊಡೋದು ಯಾವ ನ್ಯಾಯ? ಮಾವನ ಗೇರ್‌ಬಾಕ್ಸ್ ಹೋಗಿದ್ದು ಆ ಅರ್ಧ ಸಾಲಿನಲ್ಲೇ.

ಎಂಜಿನ್ ಸಮನಾಗಿ ತಿರುಗಲ್ಲ

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಸಲ ಸಿಡಿತ ಆಗುತ್ತೆ. ಅಂದ್ರೆ ಎಂಜಿನ್ ಕೊಡೋದು ಒಂದೇ ಸಮನೆಯ ತಿರುಗುವಿಕೆ ಅಲ್ಲ, ಒಂದರ ಹಿಂದೆ ಒಂದು ಗುದ್ದು. ಐಡಲಿಂಗ್‌ನಲ್ಲಿ, 800 ಆರ್‌ಪಿಎಂ ಹತ್ತಿರ, ಸೆಕೆಂಡಿಗೆ ಸುಮಾರು 27 ಗುದ್ದು. ಮೂರು ಸಿಲಿಂಡರ್ ಆದರೆ 20. ಗುದ್ದು ಬಿದ್ದಾಗ ಕ್ರ್ಯಾಂಕ್ ಸ್ವಲ್ಪ ಓಡುತ್ತೆ, ಮುಂದಿನ ಗುದ್ದು ಬರೋವರೆಗೆ ಸ್ವಲ್ಪ ಸೋಲುತ್ತೆ. ಫ್ಲೈವೀಲ್ ತನ್ನ ಜಡತ್ವದಿಂದ ಓಡಿದಾಗ ತಡೆಯುತ್ತೆ, ಸೋತಾಗ ಎಳೆಯುತ್ತೆ. ಅಜ್ಜಿಯ ಮನೆಯ ಬೀಸೋ ಕಲ್ಲು ನೆನಪು ಮಾಡ್ಕೊಳ್ಳಿ. ಕೈ ಒಂದು ಕಡೆ ಜೋರಾಗಿ ತಳ್ಳುತ್ತೆ, ಇನ್ನೊಂದು ಕಡೆ ಬರೀ ಜೊತೆಗೆ ಹೋಗುತ್ತೆ, ಕಲ್ಲು ಮಾತ್ರ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತೆ. ಅದರ ಭಾರವೇ ಅದರ ಗುಣ.

ಆದರೂ ಪೂರ್ತಿ ಸಮ ಆಗಲ್ಲ. ಉಳಿದ ಅದುರು ಗೇರ್‌ಬಾಕ್ಸಿಗೆ ಹೋದರೆ, ಅಲ್ಲಿ ಜೋಡಿಯಾಗಿ ಕೂತ ಗೇರುಗಳ ಹಲ್ಲುಗಳ ನಡುವೆ ಇರೋ ಕೂದಲೆಳೆ ಅಂತರದಲ್ಲಿ ಹಲ್ಲು ಹಲ್ಲಿಗೆ ಬಡಿಯುತ್ತೆ. ನ್ಯೂಟ್ರಲ್‌ನಲ್ಲಿ ಕೇಳೋ ಗಡಗಡ ಶಬ್ದ ಅದೇ. ಇದನ್ನ ತಡೆಯೋಕೆ ಎಂಜಿನಿಯರುಗಳು ಎರಡು ದಾರಿ ಹಿಡಿದರು.

ಮೊದಲನೆಯದು ಹಳೇ ದಾರಿ, ಸಿಂಗಲ್ ಮಾಸ್. ಫ್ಲೈವೀಲ್ ಒಂದೇ ಗಟ್ಟಿ ಎರಕದ ತಟ್ಟೆ. ಅದುರು ತಡೆಯೋ ಸ್ಪ್ರಿಂಗುಗಳು ಕ್ಲಚ್ ಪ್ಲೇಟಿನ ನಡುವೆ ಇರುತ್ತವೆ. ಪ್ಲೇಟಿನ ಹೊರಭಾಗಕ್ಕೆ ಬಿದ್ದ ಗುದ್ದು ಆ ಸ್ಪ್ರಿಂಗುಗಳನ್ನ ಅಮುಕಿ ಆಮೇಲೆ ಹಬ್ಬಿಗೆ ಹೋಗುತ್ತೆ. ಅಗ್ಗ, ಗಟ್ಟಿ, ಸವೆದರೆ ಮುಖವನ್ನ ಲೇಥಿನಲ್ಲಿ ಒಂದೆರಡು ಸಲ ಸಮ ಮಾಡಿಸಬಹುದು. ಕೊರತೆ ಒಂದೇ. ಪ್ಲೇಟಿನ ನಡುವೆ ಇರೋ ಚೂರು ಜಾಗದಲ್ಲಿ ಗಿಡ್ಡ, ಬಿರುಸು ಸ್ಪ್ರಿಂಗುಗಳಷ್ಟೇ ಹಿಡಿಯುತ್ತವೆ. ಅದಕ್ಕೇ ಆ ಸ್ಪ್ರಿಂಗು ಮತ್ತು ಗೇರ್‌ಬಾಕ್ಸ್ ಸೇರಿದ ವ್ಯವಸ್ಥೆಯ ಅನುರಣನ, ನಾವು ದಿನಾ ಗಾಡಿ ಓಡಿಸೋ ಆರ್‌ಪಿಎಂನಲ್ಲೇ ಬಂದು ಕೂರುತ್ತೆ. ಜೋಕಾಲಿಯನ್ನ ಅದರದೇ ತಾಳಕ್ಕೆ ಸರಿಯಾಗಿ ತಳ್ಳಿದ್ರೆ ಚಿಕ್ಕ ತಳ್ಳಾಟಕ್ಕೂ ದೊಡ್ಡದಾಗಿ ತೂಗುತ್ತಲ್ಲ, ಹಾಗೆ.

ಎರಡನೆಯದು ಡ್ಯುಯಲ್ ಮಾಸ್. ಫ್ಲೈವೀಲನ್ನೇ ಎರಡು ಮಾಡಿದರು. ಒಂದು ಕ್ರ್ಯಾಂಕಿಗೆ ಅಂಟಿಕೊಂಡಿರುತ್ತೆ, ಇನ್ನೊಂದರ ಮೇಲೆ ಕ್ಲಚ್ ಕೂರುತ್ತೆ. ಎರಡರ ನಡುವೆ ಗ್ರೀಸಿನಲ್ಲಿ ಮುಳುಗಿರೋ, ಬಿಲ್ಲಿನ ಹಾಗೆ ಬಾಗಿದ ಉದ್ದನೆ ಸ್ಪ್ರಿಂಗುಗಳು. ಉದ್ದ ಜಾಸ್ತಿ ಅಂದ್ರೆ ಮೆತ್ತಗಿರಬಹುದು. ಗೇರ್‌ಬಾಕ್ಸಿನ ಕಡೆಗೆ ಭಾರವೂ ಸೇರಿತು. ಸ್ಪ್ರಿಂಗ್ ಮೆತ್ತಗಾಗಿ ತೂಕ ಹೆಚ್ಚಾದರೆ ಜೋಕಾಲಿಯ ತಾಳ ನಿಧಾನ ಆಗುತ್ತೆ. ಎಷ್ಟು ನಿಧಾನ ಅಂದ್ರೆ ಅನುರಣನ ಐಡಲಿಂಗ್ ವೇಗಕ್ಕಿಂತಲೂ ಕೆಳಗೆ ಇಳಿದುಬಿಡುತ್ತೆ. ಗಾಡಿ ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಒಂದು ಕ್ಷಣ ಅದನ್ನ ದಾಟಿದರೆ ಮುಗೀತು. ಜರ್ಮನಿಯ ಲುಕ್ ಕಂಪನಿ 1985ರಲ್ಲಿ ಇದನ್ನ ಕಾರುಗಳಿಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸೋಕೆ ಶುರು ಮಾಡಿತು. ಕಡಿಮೆ ಆರ್‌ಪಿಎಂನಲ್ಲೇ ಭಾರಿ ಟಾರ್ಕ್ ಕೊಡೋ ಟರ್ಬೊ ಡೀಸೆಲ್‌ಗಳು ಬಂದ ಮೇಲಂತೂ ಇದರ ಅಗತ್ಯ ಇನ್ನೂ ಹೆಚ್ಚಾಯ್ತು.

ಇಲ್ಲಿ ಒಂದು ಮುಖ್ಯ ವಿಷಯ ಇದೆ, ದಯವಿಟ್ಟು ಗಮನ ಇಟ್ಟು ಓದಿ. ಅದುರು ತಡೆಯೋ ಕೆಲಸ ಫ್ಲೈವೀಲಿಗೇ ಹೋದ ಮೇಲೆ, ಇಂಥ ಎಷ್ಟೋ ಕಾರುಗಳಲ್ಲಿ ಕ್ಲಚ್ ಪ್ಲೇಟಿನ ನಡುವೆ ಸ್ಪ್ರಿಂಗೇ ಇರಲ್ಲ. ಬೋಳು ಪ್ಲೇಟು.

ವೆಲ್ಡಿಂಗ್ ಮಾಡಿದ್ದು ಏನನ್ನ?

ಈಗ ಮಾವನ ಗಾಡಿಗೆ ಬನ್ನಿ. ಎರಡು ಭಾಗದ ಫ್ಲೈವೀಲನ್ನ ವೆಲ್ಡಿಂಗ್ ಮಾಡಿ ಒಂದಾಗಿಸಿದರು. ಸ್ಪ್ರಿಂಗುಗಳು ಒಳಗೇ ಜೈಲಾದವು. ಅದರ ಮೇಲೆ ಅದೇ ಗಾಡಿಗೆ ಬರೋ ಹೊಸ ಕ್ಲಚ್ ಪ್ಲೇಟ್ ಹಾಕಿದರು, ಬೋಳು ಪ್ಲೇಟು. ಅಂದ್ರೆ ಎಂಜಿನ್ನಿನಿಂದ ಗೇರ್‌ಬಾಕ್ಸಿನವರೆಗೆ ಒಂದೇ ಒಂದು ಸ್ಪ್ರಿಂಗ್ ಕೂಡ ಕೆಲಸದಲ್ಲಿ ಇಲ್ಲ. ಡೀಸೆಲ್ ಎಂಜಿನ್ನಿನ ಪ್ರತಿ ಗುದ್ದೂ ನೇರವಾಗಿ ಗೇರಿನ ಹಲ್ಲಿಗೆ. ಮೇಲಿಂದ, ವೆಲ್ಡಿಂಗಿನ ಬಿಸಿಗೆ ತಟ್ಟೆ ಸೊಟ್ಟಗಾಗಬಹುದು, ಬ್ಯಾಲೆನ್ಸ್ ತಪ್ಪಬಹುದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋ ವಸ್ತು ಅದು.

ಗಾಡಿ ಕೈಗೆ ಬಂದ ದಿನ ಮಾವ ಫೋನ್ ಮಾಡಿ, "ಪಿಕಪ್ ಚೆನ್ನಾಗಿದೆ ಕಣೋ, ಆದ್ರೆ ನಿಂತಾಗ ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಶಬ್ದ" ಅಂದರು. ಕ್ಲಚ್ ತುಳಿದ್ರೆ ಶಬ್ದ ನಿಲ್ತಿತ್ತಂತೆ. ಆ ಒಂದು ಮಾತಿನಲ್ಲೇ ರೋಗದ ಹೆಸರಿತ್ತು. ಕಾಲು ತೆಗೆದಾಗ ಬಂದು, ತುಳಿದಾಗ ನಿಲ್ಲೋ ಶಬ್ದ ಗೇರ್‌ಬಾಕ್ಸಿನ ಒಳಗಿನದು, ಯಾಕಂದ್ರೆ ತುಳಿದಾಗ ಇನ್‌ಪುಟ್ ಶಾಫ್ಟ್ ತಿರುಗೋದು ನಿಲ್ಲುತ್ತೆ. ತುಳಿದಾಗ ಬರೋ ಶಬ್ದ ಆದರೆ ಮೊದಲು ಅನುಮಾನ ಪಡಬೇಕಾದ್ದು ರಿಲೀಸ್ ಬೇರಿಂಗನ್ನ. ಇಷ್ಟು ಸುಲಭದ ಪರೀಕ್ಷೆ ನನಗೆ ಗೊತ್ತಿರಲಿಲ್ಲ. "ಹೊಸದಲ್ವಾ ಮಾವ, ಸೆಟ್ ಆಗುತ್ತೆ ಬಿಡಿ" ಅಂದೆ. ಎರಡನೇ ತಪ್ಪು.

ನಾಲ್ಕನೇ ತಿಂಗಳು ಇನ್‌ಪುಟ್ ಶಾಫ್ಟಿನ ಬೇರಿಂಗ್ ಊಳಿಡೋಕೆ ಶುರು ಮಾಡಿತು. ಬಿಚ್ಚಿದಾಗ ಬೇರಿಂಗಿನ ಜೊತೆ ಎರಡು ಗೇರುಗಳೂ ಹೋಗಿದ್ದವು. ಆಗ ಆದ ಖರ್ಚು, ಮೊದಲು ಬೇಡ ಅಂದಿದ್ದ ಹೊಸ ಡ್ಯುಯಲ್ ಮಾಸ್ ಫ್ಲೈವೀಲಿಗಿಂತ ಜಾಸ್ತಿ. ಅದಕ್ಕಿಂತ ದೊಡ್ಡದು, ಮದುವೆ ಸೀಸನ್ನಿನಲ್ಲಿ ಹನ್ನೊಂದು ದಿನ ಗಾಡಿ ನಿಂತಿತ್ತು.

ಇಷ್ಟು ಓದಿ ನೀವು ಗ್ಯಾರೇಜಿನವರನ್ನ ಬೈಯೋಕೆ ಹೊರಟಿದ್ದರೆ ಸ್ವಲ್ಪ ತಡೆಯಿರಿ. ಅವರು ಮೋಸ ಮಾಡಿಲ್ಲ. ಕಡಿಮೆ ಖರ್ಚಲ್ಲಿ ಮುಗಿಸಿಕೊಡಿ ಅಂತ ಕೇಳಿದ್ದು ಮಾವನೇ. ಅವರು ಹತ್ತಿಪ್ಪತ್ತು ವರ್ಷ ಕೈಯಲ್ಲಿ ಹಿಡಿದ ಫ್ಲೈವೀಲುಗಳೆಲ್ಲಾ ಒಂದೇ ಗಟ್ಟಿ ತಟ್ಟೆ. ಅಲ್ಲಾಡದೇ ಇರೋದೇ ಫ್ಲೈವೀಲಿನ ಲಕ್ಷಣ ಅಂತ ನಂಬಿದವರಿಗೆ ಅಲ್ಲಾಡೋ ಫ್ಲೈವೀಲ್ ಕೆಟ್ಟದ್ದಾಗೇ ಕಾಣುತ್ತೆ, ಗಟ್ಟಿ ಮಾಡೋದೇ ರಿಪೇರಿ ಅನ್ಸುತ್ತೆ. ಇದು ಹೀಗೇ ಅಲ್ಲಾಡಬೇಕು, ಇಷ್ಟಕ್ಕಿಂತ ಹೆಚ್ಚು ಅಲ್ಲಾಡಿದರೆ ಮಾತ್ರ ಬದಲಿಸಬೇಕು ಅಂತ ಅವರಿಗೆ ಅವರ ಭಾಷೆಯಲ್ಲಿ ಹೇಳಿದವರು ಯಾರು? ಕಾರು ಮಾರುವಾಗ ಸನ್‌ರೂಫ್ ಬಗ್ಗೆ, ಟಚ್‌ಸ್ಕ್ರೀನಿನ ಇಂಚಿನ ಬಗ್ಗೆ ಹೇಳ್ತಾರೆ. ಒಳಗೆ ಯಾವ ಫ್ಲೈವೀಲಿದೆ ಅಂತ ಹೇಳಿದವರನ್ನ ನಾನಂತೂ ಕಂಡಿಲ್ಲ.

ಹಾಗಾದ್ರೆ ಯಾವುದು ಒಳ್ಳೇದು?

ಈ ಪ್ರಶ್ನೆಯೇ ಅರ್ಧ ತಪ್ಪು. ಡ್ಯುಯಲ್ ಮಾಸ್ ಕೊಡೋದು ನೆಮ್ಮದಿ: ಕಡಿಮೆ ಆರ್‌ಪಿಎಂನಲ್ಲೂ ಅದುರಲ್ಲ, ಗೇರ್‌ಬಾಕ್ಸಿಗೂ ರಕ್ಷಣೆ. ಅದು ಕೇಳೋದು ದುಡ್ಡು. ಮತ್ತೆ ಅದೂ ಸವೆಯೋ ವಸ್ತುವೇ. ಹಾಫ್ ಕ್ಲಚ್ಚಿನಲ್ಲಿ ಪದೇ ಪದೇ ಕಾಯಿಸಿದ್ರೆ ಗ್ರೀಸ್ ಕೆಡುತ್ತೆ. ಮೂರನೇ ಗೇರಿಗೆ ಇಳಿಸಬೇಕಾದ ಕಡೆ ಐದರಲ್ಲೇ ಗೊರಗೊರ ಅನ್ನಿಸಿ ಎಳೆದರೆ ಸ್ಪ್ರಿಂಗುಗಳು ದಣಿಯುತ್ತವೆ. ಸಿಂಗಲ್ ಮಾಸ್ ಕೊಡೋದು ಬಾಳಿಕೆ ಮತ್ತು ಅಗ್ಗದ ರಿಪೇರಿ. ಅದು ಕೇಳೋದು ಸ್ವಲ್ಪ ಶಬ್ದ, ಸ್ವಲ್ಪ ಅದುರು.

ಬದಲಾಯಿಸೋದೇ ಮಹಾಪಾಪ ಅನ್ನೋ ವಾದವನ್ನೂ ನಾನು ಒಪ್ಪಲ್ಲ. ಫ್ರಾನ್ಸಿನ ವ್ಯಾಲಿಯೊ ಕಂಪನಿ ಕ್ಲಚ್ಚುಗಳನ್ನ ಮಾಡಿಯೇ ಹೆಸರಾದದ್ದು. ಅದೇ ಡ್ಯುಯಲ್ ಮಾಸ್ ಬದಲಿಗೆ ಹಾಕೋಕೆ ಗಟ್ಟಿ ಫ್ಲೈವೀಲಿನ ಕಿಟ್ ಮಾರುತ್ತೆ. ಆದರೆ ಆ ಕಿಟ್ಟಿನಲ್ಲಿ ಬರೀ ಫ್ಲೈವೀಲ್ ಇರಲ್ಲ. ಅದಕ್ಕೆ ಹೊಂದೋ ಕವರ್, ರಿಲೀಸ್ ಬೇರಿಂಗ್, ಎಲ್ಲಕ್ಕಿಂತ ಮುಖ್ಯವಾಗಿ ಸ್ಪ್ರಿಂಗ್ ಇರೋ ಕ್ಲಚ್ ಪ್ಲೇಟ್ ಇರುತ್ತೆ. ಫ್ಲೈವೀಲಿನಿಂದ ಕಿತ್ತುಕೊಂಡ ಕೆಲಸವನ್ನ ಪ್ಲೇಟಿಗೆ ವಹಿಸಿ ಕೊಡ್ತಾರೆ. ರಿಪೇರಿಗೂ ಮುಚ್ಚಿಹಾಕೋದಕ್ಕೂ ಇರೋ ವ್ಯತ್ಯಾಸ ಇದೇ. ಮನೆಯಿಂದ ಒಂದು ಕಂಬ ತೆಗೆದರೆ ತೊಲೆ ಹೊರೋದು ಯಾರು ಅಂತ ಮೊದಲು ನೋಡಬೇಕು.

ನಿಮ್ಮ ಮನೆಯ ಗಾಡಿಗೂ ನಾಳೆ ಈ ಪ್ರಶ್ನೆ ಬರಬಹುದು. ಗ್ಯಾರೇಜಿನಲ್ಲಿ ಮೂರು ಪ್ರಶ್ನೆ ಕೇಳಿ. ಒಂದು, ಫ್ಲೈವೀಲ್ ನಿಜವಾಗಿ ಹೋಗಿದೆಯಾ? ಎರಡು ಭಾಗಗಳನ್ನ ಕೈಯಲ್ಲಿ ತಿರುಗಿಸಿ, ಪಕ್ಕಕ್ಕೆ ಅಲ್ಲಾಡಿಸಿ ತೋರಿಸಿ ಅನ್ನಿ. ಸ್ವಲ್ಪ ಆಡೋದು ಸಹಜ, ಎಷ್ಟಿರಬಹುದು ಅಂತ ತಯಾರಕರ ಅಳತೆ ಇರುತ್ತೆ. ಗ್ರೀಸ್ ಹೊರಗೆ ಬಂದಿದ್ದರೆ, ಮುಖದ ಮೇಲೆ ಬಿಸಿಗೆ ನೀಲಿ ಕಲೆ ಎದ್ದು ಬಿರುಕು ಬಿಟ್ಟಿದ್ದರೆ ಅನುಮಾನ ಇಲ್ಲ. ಎರಡು, ಸಿಂಗಲ್ ಮಾಸ್ ಹಾಕೋದಾದ್ರೆ ಕ್ಲಚ್ ಪ್ಲೇಟಿನಲ್ಲಿ ಸ್ಪ್ರಿಂಗ್ ಇದೆಯಾ? ಪ್ಲೇಟನ್ನ ಕೈಗೆ ತಗೊಂಡು ಕಣ್ಣಲ್ಲೇ ನೋಡಬಹುದು, ಇದಕ್ಕೆ ಡಿಗ್ರಿ ಬೇಡ. ಮೂರು, ಈ ಗಾಡಿ ಇನ್ನು ಎಷ್ಟು ವರ್ಷ ನಮ್ಮ ಹತ್ತಿರ ಇರುತ್ತೆ? ಎರಡು ವರ್ಷಕ್ಕೆ ಮಾರೋ ಗಾಡಿಗೂ, ಹತ್ತು ವರ್ಷ ಮನೆಯವರನ್ನ ಕೂರಿಸಿಕೊಂಡು ಹೋಗೋ ಗಾಡಿಗೂ ಉತ್ತರ ಒಂದೇ ಆಗಬೇಕಿಲ್ಲ.

ಹಗುರ ಮಾಡೋ ಹುಚ್ಚು

ಇದರ ಇನ್ನೊಂದು ತುದಿ ನಮ್ಮ ಹಾಸ್ಟೆಲ್ಲಿನಲ್ಲೇ ಇದೆ. ಹಳೇ ಹ್ಯಾಚ್‌ಬ್ಯಾಕ್ ತಗೊಂಡು ಮಾಡಿಫೈ ಮಾಡೋ ಗೆಳೆಯರು. "ಫ್ಲೈವೀಲ್ ಲೇಥಿಗೆ ಕೊಟ್ಟು ಮೂರು ಕೆಜಿ ಇಳಿಸಿದ್ರೆ ಗಾಡಿ ಹಾರುತ್ತೆ ಮಚ್ಚಾ" ಅಂತಾರೆ. ಲೆಕ್ಕ ಹಾಕೋಣ. 8 ಕೆಜಿ ತೂಕ, 14 ಸೆಂ.ಮೀ. ತ್ರಿಜ್ಯದ ತಟ್ಟೆ. ಟೈರಿನ ತ್ರಿಜ್ಯ 28 ಸೆಂ.ಮೀ. ಮೊದಲ ಗೇರಿನಲ್ಲಿ ಒಟ್ಟು ಅನುಪಾತ 14.5 ಅಂದುಕೊಂಡ್ರೆ, ವೇಗ ಏರುವಾಗ ಈ ಫ್ಲೈವೀಲ್ ಗಾಡಿಗೆ 210 ಕೆಜಿ ಹೆಚ್ಚುವರಿ ಹೊರೆಯ ಹಾಗೆ ಕಾಣುತ್ತೆ. ಹೌದು, 210! ಯಾಕಂದ್ರೆ ಅನುಪಾತದ ವರ್ಗ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಗೆಳೆಯರು ಹೇಳೋದು ಸುಳ್ಳಲ್ಲ. ಆದರೆ ಐದನೇ ಗೇರಿಗೆ, ಅನುಪಾತ 3.1ಕ್ಕೆ, ಅದೇ ಲೆಕ್ಕ ಮಾಡಿ. 10 ಕೆಜಿಯೂ ಇಲ್ಲ. ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಸಿಗೋ ಲಾಭ ಒಂದು ಬ್ಯಾಕ್‌ಪ್ಯಾಕಿನಷ್ಟು.

ಅದಕ್ಕೆ ತೆರೋ ಬೆಲೆ? ಐಡಲಿಂಗ್ ನಡುಗುತ್ತೆ, ಟ್ರಾಫಿಕ್ಕಿನಲ್ಲಿ ಪದೇ ಪದೇ ಆಫ್ ಆಗುತ್ತೆ, ಏರಿನಲ್ಲಿ ಹತ್ತಿಸೋಕೆ ಜಾಸ್ತಿ ರೈಸ್ ಮಾಡಿ ಕ್ಲಚ್ ಜಾಸ್ತಿ ಸುಡಬೇಕಾಗುತ್ತೆ. ರೇಸ್ ಟ್ರ್ಯಾಕಿಗೆ ಸರಿ, ಅಲ್ಲಿ ಯಾರೂ ಐಡಲಿಂಗ್‌ನಲ್ಲಿ ಕೂರಲ್ಲ. ಅಲ್ಲಿಗೆ ಅಂತಲೇ ಉಕ್ಕಿನಲ್ಲಿ, ಅಲ್ಯುಮಿನಿಯಂನಲ್ಲಿ ಲೆಕ್ಕ ಹಾಕಿ ಮಾಡಿದ ಫ್ಲೈವೀಲುಗಳಿವೆ. ಕಂಪನಿಯಿಂದ ಬಂದ ಎರಕದ ಕಬ್ಬಿಣದ ಫ್ಲೈವೀಲನ್ನ ಅಂದಾಜಿನ ಮೇಲೆ ಕೊರೆಸೋದು ಬೇರೆ ಮಾತು. ಎರಕದ ಕಬ್ಬಿಣ ಎಳೆತಕ್ಕೆ ತಾಳಲ್ಲ ಅಂತ ನಾವು ಎರಡನೇ ವರ್ಷದಲ್ಲೇ ಓದಿದೀವಿ. ಆರು ಸಾವಿರ ಆರ್‌ಪಿಎಂನಲ್ಲಿ ಅದು ಒಡೆದರೆ, ಅದರ ಹತ್ತಿರ ಇರೋದು ಡ್ರೈವರಿನ ಕಾಲುಗಳು. ಸೆರಾಮಿಕ್ ಬಟನ್ ಇರೋ ರೇಸಿಂಗ್ ಕ್ಲಚ್ ಪ್ಲೇಟುಗಳದ್ದೂ ಇದೇ ಕಥೆ. ಹಿಡಿತ ಜಾಸ್ತಿ, ಆದರೆ ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಕಪ್ಪೆಯ ಹಾಗೆ ಹಾರಬೇಕು.

ವಿಚಿತ್ರ ನೋಡಿ. ಮಾವನ ಗ್ಯಾರೇಜಿನವರೂ ನಮ್ಮ ಹಾಸ್ಟೆಲ್ ಗೆಳೆಯರೂ ಮಾಡಿದ್ದು ಒಂದೇ ತಪ್ಪು. ಒಬ್ಬರು ಸ್ಪ್ರಿಂಗ್ ದಂಡ ಅಂದುಕೊಂಡರು, ಇನ್ನೊಬ್ಬರು ಭಾರ ದಂಡ ಅಂದುಕೊಂಡರು. ಅದನ್ನ ಅಲ್ಲಿಟ್ಟವರು ಯಾಕಿಟ್ಟರು ಅಂತ ಇಬ್ಬರೂ ಕೇಳಲಿಲ್ಲ.

ಕಾಲಿನ ಕೆಳಗಿನ ಇಮ್ಮರ್ಶನ್ ರಾಡ್

ಯಾವ ಡಿಸೈನೇ ಇರಲಿ, ಅದನ್ನ ಸಾಯಿಸೋದು ಬಹಳ ಸಲ ನಮ್ಮ ಎಡಗಾಲು. ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳೋ ಚಟ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? 1100 ಕೆಜಿಯ ಕಾರು, ಹತ್ತು ಅಡಿಗೆ ಒಂದು ಅಡಿ ಏರು. ಗಾಡಿ ಹಿಂದೆ ಜಾರದಿರೋಕೆ ಕ್ಲಚ್ ಹೊರಬೇಕಾದ ಟಾರ್ಕ್ ಸುಮಾರು 21 ನ್ಯೂಟನ್ ಮೀಟರ್. ಎಂಜಿನ್ 1200 ಆರ್‌ಪಿಎಂನಲ್ಲಿ ತಿರುಗ್ತಿದೆ, ಗಾಡಿ ನಿಂತಿದೆ. ಗುಣಿಸಿದ್ರೆ ಎರಡೂವರೆ ಕಿಲೋವಾಟಿಗೂ ಹೆಚ್ಚು ಶಾಖ. ಹಾಸ್ಟೆಲ್ಲಿನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಇಟ್ಟುಕೊಂಡಿರೋ ಒಂದು ಸಾವಿರ ವಾಟಿನ ಇಮ್ಮರ್ಶನ್ ರಾಡು ಬಕೆಟ್ ನೀರು ಕಾಯಿಸುತ್ತಲ್ಲ, ಅಂಥವು ಎರಡೂವರೆ. ನೀರಿಲ್ಲದ ಜಾಗದಲ್ಲಿ, ಊಟದ ತಟ್ಟೆಗಿಂತ ಚಿಕ್ಕದಾದ ಪ್ಲೇಟಿನ ಮೇಲೆ! ಆ ಸುಟ್ಟ ವಾಸನೆ ಬರೋದು ಸುಮ್ಮನೆ ಅಲ್ಲ. ಹ್ಯಾಂಡ್‌ಬ್ರೇಕ್ ಎಳೆಯೋಕೆ ಖರ್ಚು ಏನೂ ಇಲ್ಲ.

ಇನ್ನು ಇದೆಲ್ಲಾ ಯಾಕೆ ಅನ್ನೋರಿಗೆ

"ಇವಿ ಬಂತು, ಆಟೋಮ್ಯಾಟಿಕ್ ಬಂತು, ನೀನಿನ್ನೂ ಕ್ಲಚ್ ಹಿಡ್ಕೊಂಡು ಕೂತಿದೀಯ" ಅಂತ ಒಬ್ಬ ಗೆಳೆಯ ನಕ್ಕ. ಇವಿಗೆ ಕ್ಲಚ್ ಬೇಡ, ನಿಜ. ಮೋಟರು ನಿಂತಲ್ಲಿಂದಲೇ ಟಾರ್ಕ್ ಕೊಡುತ್ತೆ. ಆದರೆ 2014ರಲ್ಲಿ ಸೆಲೆರಿಯೊ ತಂದ ಎಎಂಟಿಯಲ್ಲಿ ಇರೋದು ಇದೇ ಒಣ ಕ್ಲಚ್, ತುಳಿಯೋದು ಮಾತ್ರ ಯಂತ್ರ. 2020ರಲ್ಲಿ ವೆನ್ಯೂ ತಂದ ಐಎಂಟಿಯಲ್ಲೂ ಪೆಡಲ್ ಹೋಯ್ತೇ ಹೊರತು ಕ್ಲಚ್ ಹೋಗಲಿಲ್ಲ. ಡ್ಯುಯಲ್ ಕ್ಲಚ್ ಅಂದ್ರೆ ಹೆಸರೇ ಹೇಳೋ ಹಾಗೆ ಎರಡೆರಡು. ಇವತ್ತು ರಸ್ತೆಯಲ್ಲಿರೋ ಕ್ಲಚ್ ಗಾಡಿಗಳು ಇನ್ನೂ ಎಷ್ಟೋ ವರ್ಷ ಯಾರದೋ ಅನ್ನದ ದಾರಿಯಾಗಿ ಓಡ್ತಾನೇ ಇರುತ್ತವೆ. ಅವುಗಳನ್ನ ರಿಪೇರಿ ಮಾಡೋರಿಗೆ, ಮಾಡಿಸೋರಿಗೆ ಸರಿಯಾದ ಮಾತು ಹೇಳೋರು ಬೇಕು.

ನನ್ನ ಕೋರಿಕೆ ಎರಡೇ. ನಮ್ಮ ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿರೋ ಬಣ್ಣ ಬಳಿದ ಕ್ಲಚ್ ಮಾಡೆಲ್ ಜೊತೆಗೆ, ಗುಜರಿಯಿಂದ ಒಂದು ಸವೆದ ಸಿಂಗಲ್ ಮಾಸ್, ಒಂದು ಸವೆದ ಡ್ಯುಯಲ್ ಮಾಸ್ ಫ್ಲೈವೀಲ್, ಎರಡು ಬಗೆಯ ಪ್ಲೇಟ್ ತಂದಿಡೋಣ. ತೂಕದ ಲೆಕ್ಕದಲ್ಲಿ ಸಿಗೋ ಕಬ್ಬಿಣ ಅದು, ನಮ್ಮ ಫೆಸ್ಟಿನ ಬ್ಯಾನರ್ ಖರ್ಚಿನಷ್ಟೂ ಆಗಲ್ಲ. ಪ್ರತಿ ವಿದ್ಯಾರ್ಥಿ ಒಂದು ಸಲ ಅದನ್ನ ಕೈಯಲ್ಲಿ ಹಿಡಿದು ತಿರುಗಿಸಿ ನೋಡಲಿ. ಎರಡನೆಯದು, ಕನ್ನಡ ಸಂಘದಿಂದ ವರ್ಷಕ್ಕೊಮ್ಮೆ ಊರಿನ ಮೆಕ್ಯಾನಿಕ್‌ಗಳನ್ನ ಕರೆದು ಒಂದು ಭಾನುವಾರ ಜೊತೆ ಕೂರೋಣ. ಕೈಯ ಅನುಭವ ಅವರದ್ದು, ಕಾರಣದ ಲೆಕ್ಕ ನಮ್ಮದು. ಅವರು ನಮಗೆ ಕಲಿಸೋದೇ ಹೆಚ್ಚಿರುತ್ತೆ, ಅನುಮಾನ ಬೇಡ. ರಾಜ್ಯೋತ್ಸವಕ್ಕೆ ಬಾವುಟ ಹಾರಿಸಿ, ಹಾಡು ಹಾಡಿ, ಫೋಟೋ ಹಾಕೋದು ಇದ್ದೇ ಇದೆ. ಒಬ್ಬ ಡ್ರೈವರಿಗೆ ಅವನ ಗಾಡಿಯ ಒಳಗೇನಾಗ್ತಿದೆ ಅಂತ ಅವನ ಮಾತಿನಲ್ಲಿ ಬಿಡಿಸಿ ಹೇಳೋದೂ ಕನ್ನಡದ ಕೆಲಸವೇ.

ಮಾವನ ಗಾಡಿ ಈಗ ಓಡ್ತಾ ಇದೆ. ಎರಡನೇ ಸಲ ಬಿಚ್ಚಿದಾಗ ನಾನೇ ಊರಿಗೆ ಹೋಗಿದ್ದೆ. ಹೊಸ ಡ್ಯುಯಲ್ ಮಾಸ್ ಹಾಕಿಸೋದಾ, ಸ್ಪ್ರಿಂಗ್ ಪ್ಲೇಟಿನ ಜೊತೆ ಸಿಂಗಲ್ ಮಾಸ್ ಸೆಟ್ ಹಾಕಿಸೋದಾ ಅಂತ ಎರಡನ್ನೂ ಮಾವನ ಮುಂದೆ ಬಿಡಿಸಿ ಹೇಳಿದೆ. ಮೆಕ್ಯಾನಿಕ್ ಅಣ್ಣನೂ ಪಕ್ಕದಲ್ಲಿ ನಿಂತು ಕೇಳಿದರು. ವೆಲ್ಡಿಂಗ್ ಆದ ಹಳೇ ಫ್ಲೈವೀಲನ್ನ ಕೈಯಲ್ಲಿ ತಿರುಗಿಸಿ ನೋಡಿ, "ಹಂಗಾದ್ರೆ ನಾವು ಅವತ್ತು ಇದರ ಜೀವಾನೇ ಕಟ್ಟಾಕಿದ್ವಿ" ಅಂದರು. ಮಾವ ಎರಡು ವರ್ಷದಲ್ಲಿ ಗಾಡಿ ಬದಲಿಸೋ ಯೋಚನೆಯಲ್ಲಿದ್ದರು, ಸಿಂಗಲ್ ಮಾಸ್ ಸೆಟ್ಟೇ ಸಾಕು ಅಂದರು. ನಿಂತಾಗ ಈಗಲೂ ಮೊದಲಿಗಿಂತ ಸ್ವಲ್ಪ ಶಬ್ದ ಇದೆ. ಬಾಡಿಗೆಗೆ ಬಂದವರು ಯಾರಾದ್ರೂ ಕೇಳಿದ್ರೆ ಅದು ಯಾಕೆ ಅಂತ ಮಾವ ಘಾಟಿ ಮುಗಿಯೋವರೆಗೂ ವಿವರಿಸ್ತಾರಂತೆ.